ತಾತನ ಡೆಸ್ಕು: ಮನೆಯೊಳಗಣ ಕಚೇರಿಯ ಒಂದು ಸಣ್ಣ ಚರಿತ್ರೆ

ಪ್ರೌಢಶಾಲೆಯಲ್ಲಿ ನನ್ನಿಂದ ಸಮಾಜ ವಿಜ್ಞಾನದ ಪಾಠ ಕೇಳಿದ ಹುಡುಗನೊಬ್ಬ (ಈಗವನಿಗೆ ನಲವತ್ತು ದಾಟಿದೆ, ಆದರೂ ನನಗೆ ಹುಡುಗನೇ) ಕಳೆದ ತಿಂಗಳು ದೂರವಾಣಿ ಮಾಡಿದ್ದ. ಬೆಂಗಳೂರಿನ ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಮನೆಯಿಂದಲೇ ಕೆಲಸ ಮಾಡಬೇಕು. ಮೇಜಿಗೂ ಕುರ್ಚಿಗೂ ಅಂಗಡಿಯವರು ಹೇಳುವ ಬೆಲೆ ಕೇಳಿದರೆ ಎದೆ ನಡುಗುತ್ತದೆ ಎಂದು ಹೇಳಿಕೊಂಡ. ಕೊನೆಗೆ, "ನಮ್ಮ ಹಿರಿಯರೇ ಪುಣ್ಯವಂತರು ಸಾರ್. ಮನೆ ಮನೆಯಾಗಿತ್ತು, ಕಚೇರಿ ಕಚೇರಿಯಾಗಿತ್ತು" ಎಂದ.

ನಾನು ಆಗ ನಕ್ಕು ಸುಮ್ಮನಾದೆ. ಫೋನು ಇಟ್ಟ ಮೇಲೆ ಮಾತ್ರ, ಪಾಠ ಸರಿಯಾಗಿ ಹೇಳಿಕೊಡದ ಮೇಷ್ಟರ ಅಳುಕು ಕಾಡತೊಡಗಿತು. ಹಿರಿಯರ ಕಾಲದಲ್ಲಿ ಮನೆಯೇ ಕಚೇರಿಯಾಗಿತ್ತಲ್ಲ! ನಮ್ಮ ಮನೆಯಂತೂ ಆಗಿತ್ತು. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ನಮ್ಮ ತಾತ ತಿಪಟೂರು ಸೀಮೆಯ ಒಂದು ಹಳ್ಳಿಯ ಶಾನುಭೋಗರು. ಶಾನುಭೋಗಿಕೆ ಬಹಳ ಹಳೆಯ ವೃತ್ತಿ. ನಮ್ಮ ನಾಡಿನ ಶಾಸನಗಳಲ್ಲಿ ಲೆಕ್ಕ ಬರೆಯುವವನನ್ನು 'ಸೇನಬೋವ' ಎಂದು ಕರೆದಿರುವುದನ್ನು ಕಾಣುತ್ತೇವೆ. ಊರಿನ ಜಮೀನಿನ ವಿಸ್ತೀರ್ಣ, ಅದನ್ನು ಸಾಗುವಳಿ ಮಾಡುವವರು, ಬೆಳೆ, ಕಂದಾಯ, ಬಾಕಿ ಇವೆಲ್ಲವನ್ನೂ ಬರೆದಿಡುವುದು ಅವನ ಕೆಲಸ. ಇದಕ್ಕೆ ಸರ್ಕಾರ ಕಟ್ಟಡವನ್ನೇನೂ ಕಟ್ಟಿಸಿಕೊಟ್ಟಿರಲಿಲ್ಲ. ಶಾನುಭೋಗನ ಮನೆಯ ಜಗುಲಿಯೇ ಕಚೇರಿ, ಅವನ ಅಟ್ಟವೇ ದಫ್ತರಖಾನೆ. ಇನಾಮು ಜಮೀನು, ಪೋಟಗಿ ಎಂಬ ಅಲ್ಪ ಸಂಭಾವನೆ ಇಷ್ಟರಲ್ಲೇ ಸಂಸಾರವೂ ಕಚೇರಿಯೂ ನಡೆಯಬೇಕಾಗಿತ್ತು.

ಹಳ್ಳಿಯ ಮಾತು ಹಾಗಿರಲಿ, ಮೈಸೂರು ಸಂಸ್ಥಾನದ ದೊಡ್ಡ ಕಚೇರಿಯೂ ಒಂದು ಕಾಲಕ್ಕೆ ಮನೆಯೊಳಗೇ ಇತ್ತು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡಾಗ ಬೆಂಗಳೂರಿನಲ್ಲಿ ಅವರ ಸಚಿವಾಲಯ ನಡೆದದ್ದು ಟಿಪ್ಪೂವಿನ ಬೇಸಿಗೆ ಅರಮನೆಯಲ್ಲಿ. 1791ರಲ್ಲಿ ವಾಸಕ್ಕೆಂದು ಪೂರ್ತಿಯಾದ ಆ ಮರದ ಕಂಬಗಳ ಅರಮನೆಯಲ್ಲಿ ಗುಮಾಸ್ತರು ಕುಳಿತು ಕಾಗದ ಬರೆದರು. 1868ರಲ್ಲಿ ಕಬ್ಬನ್ ಉದ್ಯಾನದ ಅಂಚಿನಲ್ಲಿ ಕೆಂಪು ಬಣ್ಣದ ಭವ್ಯ ಕಟ್ಟಡ ಸಿದ್ಧವಾದ ಮೇಲೆ ಇಲಾಖೆಗಳೆಲ್ಲ ಅಲ್ಲಿಗೆ ಹೋದವು. 'ಅಠಾರಾ' ಎಂದರೆ ಹದಿನೆಂಟು. ಹದಿನೆಂಟು ಇಲಾಖೆಗಳ ಕಟ್ಟಡವಾದ್ದರಿಂದ ಅದು ಅಠಾರಾ ಕಚೇರಿ. ಇಂದು ಅಲ್ಲಿ ಉಚ್ಚ ನ್ಯಾಯಾಲಯವಿದೆ. ಹೀಗೆ ಸಂಸ್ಥಾನದ ಕಾಗದಪತ್ರಗಳು 1868ರಲ್ಲಿ ಮನೆಯಿಂದ ಹೊರಬಂದವು. ಹಳ್ಳಿಯ ಕಾಗದಪತ್ರಗಳು ಹೊರಬರಲು ಇನ್ನೂ ತೊಂಬತ್ತೈದು ವರ್ಷ ಹಿಡಿಯಿತು. ಅದನ್ನು ಮುಂದೆ ಹೇಳುತ್ತೇನೆ.

ಈಗ ಸಾಮಾನು ಸರಂಜಾಮಿನ ವಿಚಾರ. ಬರೆಯುವವನು ಹೇಗೆ ಕೂರುತ್ತಾನೆ ಎಂಬುದನ್ನು ನಿರ್ಧರಿಸುವುದು ಅವನು ಯಾವುದರ ಮೇಲೆ ಬರೆಯುತ್ತಾನೆ ಎಂಬ ಸಂಗತಿ. ತಾಳೆಗರಿಗೆ ಮೇಜು ಬೇಡ. ಗರಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯ ಕಂಠದಿಂದ ಕೊರೆದರಾಯಿತು. ಕಡತಕ್ಕೂ ಮೇಜು ಬೇಡ. 'ಕಡತ' ಎಂದರೆ ಇಂದು ನಮಗೆ ಸರ್ಕಾರಿ ಫೈಲು. ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಮೈಸೂರಿನ ಚರಿತ್ರೆಯನ್ನು ಬರೆದ ಕರ್ನಲ್ ಮಾರ್ಕ್ ವಿಲ್ಕ್ಸ್, 1810ರಲ್ಲಿ ಮೊದಲ ಸಂಪುಟ ಹೊರಬಂದ ತಮ್ಮ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾರೆ. ಸುಮಾರು 8ರಿಂದ 12 ಅಂಗುಲ ಅಗಲ, 12ರಿಂದ 18 ಅಡಿ ಉದ್ದದ ಬಟ್ಟೆಗೆ ಇದ್ದಿಲ ಪುಡಿ ಬೆರೆಸಿದ ಸರಿಯನ್ನು ಎರಡು ಬದಿಗೂ ಬಳಿದು ಒಣಗಿಸಬೇಕು. ಈ ಸರಿಯನ್ನು ನಮ್ಮ ಕಡೆ ಹುಣಸೆ ಬೀಜದಿಂದ ಮಾಡುತ್ತಿದ್ದರು. ಬಟ್ಟೆ ಕಪ್ಪಗೆ ಗಟ್ಟಿಯಾದ ಮೇಲೆ ಅದನ್ನು ಕತ್ತರಿಸದೆ, ಒಂದು ಮಡಿಕೆ ಈ ಕಡೆಗೆ ಒಂದು ಮಡಿಕೆ ಆ ಕಡೆಗೆ ಮಡಿಚಿದರೆ ಪುಸ್ತಕದಂತಾಗುತ್ತದೆ. ಅದರ ಮೇಲೆ ಬಳಪದಿಂದ ಬರೆಯುವುದು. ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ಕೆತ್ತಿದ್ದೂ ಬಳಪದ ಕಲ್ಲಿನಲ್ಲೇ, ಶಾನುಭೋಗ ಬಾಕಿ ಬರೆದದ್ದೂ ಬಳಪದಲ್ಲೇ ಎಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು. ಲೆಕ್ಕ ಮುಗಿದರೆ ಒರೆಸಿ, ಮತ್ತೆ ಸರಿ ಬಳಿದು, ಹೊಸದಾಗಿ ಬರೆಯಬಹುದು. ಬಡತನದಲ್ಲಿ ಕಚೇರಿ ನಡೆಸಿದವರ ಜಾಣತನ ಇದು: ಹರಕು ಬಟ್ಟೆ, ಒಲೆಯ ಇದ್ದಿಲು, ಬಿಸಾಡುವ ಹುಣಸೆ ಬೀಜ.

ಕಾಗದ ಬಳಕೆಗೆ ಬಂದಂತೆ ಲೆಕ್ಕಣಿಕೆ, ದೌತಿ, ಶಾಯಿ ಬಂದವು. ಮೆತ್ತನೆಯ ಕಾಗದವನ್ನು ತೊಡೆಯ ಮೇಲಿಟ್ಟು ಬರೆಯಲಾಗದು. ಶಾಯಿ ಚೆಲ್ಲುತ್ತದೆ, ಕಾಗದ ಮುದುರುತ್ತದೆ. 1863ರಲ್ಲಿ ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಆರಂಭವಾಗಿ ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರು ಬಿದ್ದ ಮೇಲೆ ಬರೆಯಬೇಕಾದ ನಮೂನೆಗಳೂ ಹೆಚ್ಚಿದವು. ನೆಲದ ಮೇಲೆ ಕುಳಿತವನ ಮುಂದೆ ಇಡುವ, ಇಳಿಜಾರು ಮುಚ್ಚಳದ ಮರದ ಪೆಟ್ಟಿಗೆ ಇಂಥ ಬರವಣಿಗೆಗೆ ಹೇಳಿ ಮಾಡಿಸಿದ್ದು. ನಮ್ಮ ಮನೆಯಲ್ಲಿ ಅದನ್ನು ಡೆಸ್ಕು ಎಂದೇ ಕರೆಯುತ್ತಿದ್ದರು. ಮಂಡಿಗಳಲ್ಲಿ ಅಡಿಕೆ ಕೊಬ್ಬರಿ ವ್ಯಾಪಾರಿಗಳ ಮುಂದೆ ಅಂಥದನ್ನು ನೀವೂ ಕಂಡಿರಬಹುದು.

ತಾತನ ಡೆಸ್ಕು ಹಲಸಿನ ಮರದ್ದು. ಮುಚ್ಚಳದ ಕೆಳಗಂಚಿನಲ್ಲಿ ಲೆಕ್ಕಣಿಕೆ ಉರುಳದಂತೆ ಬೆರಳು ಗಾತ್ರದ ಒಂದು ಪಟ್ಟಿ. ಒಳಗೆ ಎರಡು ಖಾನೆ. ಒಂದರಲ್ಲಿ ಶಾಯಿ, ಮುದ್ರೆ, ಚಾಕು, ಇನ್ನೊಂದರಲ್ಲಿ ಆ ದಿನದ ಕಾಗದ. ಅವರು ಪೂರ್ವಕ್ಕೆ ತೆರೆದ ಜಗುಲಿಯಲ್ಲಿ ಕಂಬಕ್ಕೆ ಬೆನ್ನು ಕೊಟ್ಟು, ಚಾಪೆಯ ಮೇಲೆ ಜಮಖಾನ ಮಡಿಸಿ ಹಾಕಿಕೊಂಡು, ಬೆಳಗಿನ ಬೆಳಕು ಎಡಗಡೆಯಿಂದ ಬೀಳುವಂತೆ ಕೂರುತ್ತಿದ್ದರು. ಬಲಗಡೆಯಿಂದ ಬೆಳಕು ಬಂದರೆ ಬರೆಯುವ ಕೈಯ ನೆರಳೇ ಅಕ್ಷರದ ಮೇಲೆ ಬೀಳುತ್ತದೆ. ಬೇಕಾದ ವಸ್ತುವೆಲ್ಲ ಕೈಗೆಟಕುವಂತೆ, ಕುಳಿತಲ್ಲಿಂದ ಏಳದಂತೆ ಇತ್ತು. 1905ರ ಆಗಸ್ಟಿನಲ್ಲಿ ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ ದೀಪ ಬಂದಿದ್ದರೂ ನಮ್ಮ ಹಳ್ಳಿಗೆ ಅದು ಬರಲು ಬಹುಕಾಲ ಹಿಡಿಯಿತು. ರಾತ್ರಿ ಲಾಟೀನು. ಜಮಾಬಂದಿ ಹತ್ತಿರವಾದಾಗ, ಅಂದರೆ ಅಮಲ್ದಾರರ ಮುಂದೆ ವರ್ಷದ ಲೆಕ್ಕ ಒಪ್ಪಿಸುವ ಕಾಲ ಬಂದಾಗ, ಆ ಲಾಟೀನಿನ ಬೆಳಕಿನಲ್ಲಿ ನಡುರಾತ್ರಿಯವರೆಗೂ ಬರೆಯುತ್ತಿದ್ದರೆಂದು ನಮ್ಮ ತಂದೆ ಹೇಳುತ್ತಿದ್ದರು.

ಇಷ್ಟನ್ನು ಬರೆದು ನಿಲ್ಲಿಸಿದರೆ ಇದೊಂದು ಸುಂದರ ಚಿತ್ರ. ಆದರೆ ಚರಿತ್ರೆಯ ಮೇಷ್ಟರು ಚಿತ್ರದ ಅಂಚನ್ನೂ ನೋಡಬೇಕು. ತಾತ ಕುಳಿತಿದ್ದರು, ಅವರ ಬಳಿ ಬಂದವರು ಎಲ್ಲಿದ್ದರು? ಅಂಗಳದಲ್ಲಿ ನಿಂತಿದ್ದರು. ಸ್ಥಿತಿವಂತ ಒಕ್ಕಲು ಜಗುಲಿಯ ಅಂಚಿನಲ್ಲಿ ಕೂರಬಹುದಿತ್ತು. ಕೆಲವರಂತೂ ಜಗುಲಿ ಹತ್ತುವಂತೆಯೇ ಇರಲಿಲ್ಲ. ಬಿಸಿಲಿರಲಿ ಮಳೆಯಿರಲಿ, ಅವರು ದೂರದಲ್ಲೇ ನಿಂತು ತಮ್ಮ ಹೊಲದ ಲೆಕ್ಕ ಕೇಳಬೇಕಾಗಿತ್ತು. ಆ ಲೆಕ್ಕವೋ ಶಾನುಭೋಗರ ಮೋಡಿ ಬರಹದಲ್ಲಿ, ಅವರ ಅಟ್ಟದ ಮೇಲೆ, ಅವರ ಬೀಗದ ಒಳಗೆ. ಓದಲು ಬಾರದ ರೈತನಿಗೆ ತನ್ನ ಜಮೀನು ತನ್ನದೆಂಬುದಕ್ಕೆ ಇನ್ನೊಬ್ಬರ ಮನೆಯೊಳಗಿನ ಕಾಗದವೇ ಆಧಾರ. ನಮ್ಮ ತಾತ ಲಂಚ ಮುಟ್ಟಲಿಲ್ಲವೆಂದು ಮನೆಯಲ್ಲಿ ಹೇಳುತ್ತಿದ್ದರು. ನಿಜವೇ ಇರಬಹುದು. ಆದರೆ ಮನೆಯವರ ಸಾಕ್ಷಿಯನ್ನು ಚರಿತ್ರೆ ಪೂರ್ತಿ ಒಪ್ಪುವುದಿಲ್ಲ. ಮನುಷ್ಯ ಒಳ್ಳೆಯವನಾಗಿದ್ದರೂ ವ್ಯವಸ್ಥೆ ಒಬ್ಬನನ್ನು ಕೂರಿಸಿ ಇನ್ನೊಬ್ಬನನ್ನು ನಿಲ್ಲಿಸಿತ್ತು.

ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸುವ ಕಾಯಿದೆ 1961ರಲ್ಲಿ ರೂಪುಗೊಂಡು 1963ರ ಫೆಬ್ರವರಿ 1ರಂದು ಜಾರಿಗೆ ಬಂತು. ನನಗಾಗ ಐದು ವರ್ಷ. ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು. ಅಟ್ಟದಿಂದ ದಫ್ತರಗಳನ್ನು ಇಳಿಸಿ, ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ, ಎತ್ತಿನ ಗಾಡಿಯಲ್ಲಿ ಹೇರಿದರಂತೆ. ತಾತ ಗಾಡಿಯ ಹಿಂದೆ ಊರ ಬಾಗಿಲವರೆಗೂ ನಡೆದು ಹೋಗಿ ತಿರುಗಿ ಬಂದರಂತೆ. ನನಗೆ ನೆನಪಿರುವುದು ಒಂದೇ: ಖಾಲಿಯಾದ ಡೆಸ್ಕಿನ ಮುಚ್ಚಳ ತೆಗೆದು ನಾನು ಅದರೊಳಗೆ ಹುಣಸೆ ಬೀಜ ತುಂಬಿ ಆಡುತ್ತಿದ್ದೆ, ಯಾರೂ ಗದರಲಿಲ್ಲ. ಅದಕ್ಕೆ ಮುಂಚೆ ಆ ಡೆಸ್ಕನ್ನು ಮುಟ್ಟಿದರೆ ಏಟು ಬೀಳುತ್ತಿತ್ತು.

ಅಧಿಕಾರ ಹೋದ ಮೇಲೆ ಕೆಲಕಾಲ ತಾತ ಜಗುಲಿಗೇ ಬರಲಿಲ್ಲ. ಮನೆಯಲ್ಲಿ ಕಾಸಿಗೂ ಕಷ್ಟವಾಯಿತು. ಆಮೇಲೆ ಒಬ್ಬೊಬ್ಬರಾಗಿ ಊರಿನವರು ಬರತೊಡಗಿದರು. ಗ್ರಾಮಲೆಕ್ಕಿಗರ ಬಳಿ, ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಡಬೇಕು, ಬರೆದುಕೊಡುವವರಿಲ್ಲ. ಸೈನ್ಯದಲ್ಲಿರುವ ಮಗನಿಗೆ ಕಾಗದ ಬರೆಯಬೇಕು. ತಾತ ಮತ್ತೆ ಡೆಸ್ಕಿನ ಮುಂದೆ ಕುಳಿತರು. ಅರ್ಜಿಗೆ ನಾಲ್ಕಾಣೆ, ಇಲ್ಲದವರು ಒಂದು ತೆಂಗಿನಕಾಯಿ ಕೊಡುತ್ತಿದ್ದರು, ಅದೂ ಇಲ್ಲದವರು ಕೈಮುಗಿದು ಹೋಗುತ್ತಿದ್ದರು. ಆರ್. ಕೆ. ನಾರಾಯಣ್ ಅವರ 1952ರ ಕಾದಂಬರಿಯಲ್ಲಿ ಮಾರ್ಗಯ್ಯನೆಂಬ ಪಾತ್ರ ಆಲದ ಮರದ ಕೆಳಗೆ ಒಂದು ತಗಡಿನ ಪೆಟ್ಟಿಗೆಯಿಟ್ಟುಕೊಂಡು ಬ್ಯಾಂಕಿನ ಎದುರಿಗೇ ಕಚೇರಿ ನಡೆಸುತ್ತಾನೆ. ಅದನ್ನು ಕಾಲೇಜಿನಲ್ಲಿ ಓದಿದಾಗ ನನಗೆ ತಾತನೇ ಕಣ್ಣಿಗೆ ಬಂದರು. ಒಂದು ವ್ಯತ್ಯಾಸ ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಈಗ ಅರ್ಜಿ ಬರೆಸುವವರು ಅಂಗಳದಲ್ಲಿ ನಿಲ್ಲುತ್ತಿರಲಿಲ್ಲ. ಹೇಳುವುದು ಕಿವಿಗೆ ಬೀಳಬೇಕಲ್ಲ, ತಾತನಿಗೆ ಆಗಲೇ ಕಿವಿ ಮಂದ. "ಬಾ, ಹತ್ತಿರ ಕೂತುಕೊಂಡು ಹೇಳು" ಎನ್ನುತ್ತಿದ್ದರು. ಕಾಯಿದೆ ಅರ್ಧ ಮಾಡಿದ್ದನ್ನು ಕಿವುಡುತನ ಪೂರ್ತಿ ಮಾಡಿತು.

ದಾಖಲೆಗಳ ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಮನೆಯಿಂದ ಹೊರಬಂದರೂ ಅವು ಕೈಬರಹದಲ್ಲೇ ಇದ್ದವು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರ ಸೇರಿದವು. ನಮ್ಮ ತಾತನ ಅಟ್ಟದ ಮೇಲಿದ್ದುದು ಅದರಲ್ಲಿ ಎಷ್ಟು ಸಣ್ಣ ಪಾಲೋ!

ಇಷ್ಟೂ ಗಂಡಸರ ಕಚೇರಿಯಾಯಿತು. ಅದೇ ಮನೆಯಲ್ಲಿ ಇನ್ನೊಂದು ಕಚೇರಿಯೂ ಇತ್ತೆಂದು ನನಗೆ ಹೊಳೆದದ್ದು ಬಹಳ ತಡವಾಗಿ. ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯ ಮೇಲೆ ಅಜ್ಜಿ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು. ಹಾಲು ಕೊಟ್ಟದ್ದಕ್ಕೆ ಒಂದು ಸಾಲು, ಭತ್ತ ಕುಟ್ಟಿದವರ ಕೂಲಿಗೆ ಒಂದು ಸಾಲು, ನೆರೆಯವರಿಗೆ ಕೊಟ್ಟ ಸೇರು ರಾಗಿಗೆ ಒಂದು ಸಾಲು. ಯುಗಾದಿಗೆ ಗೋಡೆಗೆ ಸುಣ್ಣ ಬಳಿಯುವ ಮುನ್ನ ಲೆಕ್ಕವೆಲ್ಲ ಚುಕ್ತಾ ಆಗಲೇಬೇಕು. ಅದೇ ಅವರ ಜಮಾಬಂದಿ. ಅಕ್ಷರ ಬಾರದ ಅಜ್ಜಿಯ ಲೆಕ್ಕ ಒಮ್ಮೆಯೂ ತಪ್ಪಿದ್ದಿಲ್ಲವಂತೆ. ಆದರೆ ಅವರಿಗೆ ಡೆಸ್ಕಿರಲಿಲ್ಲ, ಜಮಖಾನ ಇರಲಿಲ್ಲ, ನಿಂತೇ ಬರೆಯುತ್ತಿದ್ದರು. ಅದನ್ನು ಯಾರೂ ಕಚೇರಿ ಎನ್ನಲೂ ಇಲ್ಲ.

ಮನೆಯೊಳಗೆ ಕುಳಿತು ಇದಕ್ಕಿಂತ ದೊಡ್ಡದನ್ನು ಕಟ್ಟಿದ ಹೆಣ್ಣುಮಕ್ಕಳೂ ನಮ್ಮಲ್ಲಿದ್ದರು. ನಂಜನಗೂಡಿನ ತಿರುಮಲಾಂಬ (1887–1982) ಬಾಲ್ಯದಲ್ಲೇ ವಿಧವೆಯಾದವರು. ಆ ಕಾಲದ ವಿಧವೆಗೆ ಹೊರಗಿನ ಕಚೇರಿಯ ಮಾತೇ ಇರಲಿಲ್ಲ. ಅಂಥವರು 'ಸತೀಹಿತೈಷಿಣಿ' ಎಂಬ ಗ್ರಂಥಮಾಲೆಯನ್ನು ಆರಂಭಿಸಿ, ಕಾದಂಬರಿ ಬರೆದು, 'ಕರ್ನಾಟಕ ನಂದಿನಿ' ಎಂಬ ಪತ್ರಿಕೆಯನ್ನೂ ಸಂಪಾದಿಸಿದರು. ಕನ್ನಡದ ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ ಎಂದು ಅವರನ್ನು ಗುರುತಿಸುತ್ತಾರೆ. ತರಗತಿಯಲ್ಲಿ ಈ ಹೆಸರನ್ನು ನಾನು ಪ್ರತಿವರ್ಷ ಹೇಳುತ್ತಿದ್ದೆ. ಹೇಳಿದ್ದನ್ನು ನನ್ನ ಮನೆಯಲ್ಲಿ ಪಾಲಿಸಿದೆನೇ ಎಂದರೆ, ಈಗ ತಪ್ಪೊಪ್ಪಿಗೆಯ ಭಾಗ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ಮಗ ಸೊಸೆ ಇಬ್ಬರೂ ತಿಪಟೂರಿನ ನಮ್ಮ ಮನೆಯಲ್ಲೇ ಇದ್ದರು. ಯುಗಾದಿಗೆಂದು ಬಂದವರು ಹಿಂದಿರುಗಲಾಗಲಿಲ್ಲ. ಮಗನಿಗೆ ತಂತ್ರಾಂಶದ ಕೆಲಸ. ಸೊಸೆ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದಾಳೆ. ಮಗನ ಸಂಬಳಕ್ಕೆ ಕತ್ತರಿ ಬಿತ್ತು. ನಾನು ಹಿಂದು ಮುಂದು ನೋಡದೆ ಮುಂದಿನ ಕೋಣೆಯನ್ನು ಬಾಗಿಲು ಸಮೇತ ಮಗನಿಗೆ ಬಿಟ್ಟುಕೊಟ್ಟೆ. ನನ್ನ ಪುಸ್ತಕದ ಕೋಣೆ ನನಗೆ. ಸೊಸೆ ಊಟದ ಮೇಜಿನ ಮೇಲೆ ಕೆಲಸ ಮಾಡಿಕೊಳ್ಳಲಿ ಎಂದು ಯಾರೂ ಹೇಳಲಿಲ್ಲ, ಆದರೆ ಹಾಗೇ ಆಯಿತು. ಕುಕ್ಕರಿನ ಕೂಗು, ಟಿ.ವಿ.ಯ ಸುದ್ದಿ, ನಡುನಡುವೆ "ಅಮ್ಮಾ, ಸ್ವಲ್ಪ ಉಪ್ಪು ಎಲ್ಲಿದೆ ನೋಡು" ಎಂಬ ನನ್ನ ದನಿ, ಇವುಗಳ ನಡುವೆ ಅವಳ ಲೆಕ್ಕ.

ಜೂನ್ ತಿಂಗಳ ಒಂದು ಮಧ್ಯಾಹ್ನ ಹಿತ್ತಲಿಗೆ ಹೋದರೆ, ಸೊಸೆ ಲ್ಯಾಪ್‌ಟಾಪನ್ನು ನೀರಿನ ಡ್ರಮ್ಮಿನ ಮುಚ್ಚಳದ ಮೇಲಿಟ್ಟುಕೊಂಡು ನಿಂತು ಕೆಲಸ ಮಾಡುತ್ತಿದ್ದಳು. ಒಂದು ಕೈ ಕತ್ತಿನ ಹಿಂದೆ ಒತ್ತಿಕೊಂಡಿತ್ತು.

"ಯಾಕಮ್ಮ ಇಲ್ಲಿ ನಿಂತಿದ್ದೀಯ?" ಎಂದೆ.

"ಊಟದ ಮೇಜಿನ ಮೇಲೆ ತಟ್ಟೆ ಹಾಕಿದ್ದಾರೆ ಮಾವ. ಇನ್ನು ಅರ್ಧ ಗಂಟೆ ಅಷ್ಟೆ, ಪರವಾಗಿಲ್ಲ" ಎಂದಳು.

ಆ 'ಪರವಾಗಿಲ್ಲ' ನನ್ನನ್ನು ಚುಚ್ಚಿತು. ಅಂಗಳದಲ್ಲಿ ನಿಂತ ರೈತರೂ ಹೀಗೇ ಹೇಳುತ್ತಿದ್ದಿರಬೇಕು. ಮೂವತ್ತು ವರ್ಷ ಸಮಾನತೆಯ ಪಾಠ ಮಾಡಿದ ನಾನು, ನನ್ನ ಮನೆಯಲ್ಲಿ ಇಬ್ಬರನ್ನು ಕೂರಿಸಿ ಒಬ್ಬಳನ್ನು ನಿಲ್ಲಿಸಿದ್ದೆ. ಅದೂ ನಮ್ಮ ಮನೆಯಲ್ಲಿ ಈಗ ಲೆಕ್ಕ ಬರೆಯುವ ಒಬ್ಬಳೇ ಒಬ್ಬಳನ್ನು.

ಅಂದು ಸಂಜೆಯೇ ನನ್ನ ಕೋಣೆಯನ್ನು ತೆರವು ಮಾಡಿದೆ. ಹೊಸ ಮೇಜು ಕುರ್ಚಿ ಕೊಳ್ಳುವ ಸ್ಥಿತಿ ಇರಲಿಲ್ಲ. ಹಳ್ಳಿಯ ಮನೆ ಕೆಡವಿದಾಗ ತಂದಿಟ್ಟಿದ್ದ ಒಂದು ಬಾಗಿಲ ಹಲಗೆ ಇತ್ತು. ಬಡಗಿ ಅದಕ್ಕೆ ಕಾಲು ಜೋಡಿಸಿ, ಕುಳಿತವಳ ಮೊಣಕೈ ಮಟ್ಟಕ್ಕೆ ಬರುವಂತೆ ಎತ್ತರ ಸರಿಮಾಡಿದ. ಕೂಲಿ 800 ರೂಪಾಯಿ. ನನ್ನ ಹಳೆಯ ತೋಳುಕುರ್ಚಿಗೆ ಹೊಸ ಬೆತ್ತ ಹೆಣೆಸಿದ್ದಕ್ಕೆ 600. ಬೇರೆ ಕೀಲಿಮಣೆ ಮತ್ತು ಮೌಸ್ 750, ಮೇಜಿನ ದೀಪ 450, ತಂತಿ ಎಳೆದ ಪ್ಲಗ್ ಬೋರ್ಡು 340. ಒಟ್ಟು 2,940 ರೂಪಾಯಿ. ಮೇಜನ್ನು ಕಿಟಕಿ ಎಡಗಡೆಗೆ ಬರುವಂತೆ ಇಟ್ಟೆ. ಕಾಲಿಡಲು ಒಂದು ಹಳೆಯ ಮಣೆ. ಮಾತನಾಡಿದರೆ ದನಿ ಗುಂಯ್ ಎನ್ನುತ್ತಿದ್ದುದರಿಂದ ಎದುರು ಗೋಡೆಗೆ ಒಂದು ಜಮಖಾನ ತೂಗುಹಾಕಿದೆವು.

ಒಂದು ತೊಡಕು ಉಳಿಯಿತು. ಲ್ಯಾಪ್‌ಟಾಪಿನ ಪರದೆ ತಗ್ಗಿನಲ್ಲಿರುವುದರಿಂದ ಕತ್ತು ಬಾಗಲೇಬೇಕು. ಪುಸ್ತಕ ಪೇರಿಸಿ ನೋಡಿದೆವು, ಅಲ್ಲಾಡಿತು. ಆಗ ಸೊಸೆ ಮೂಲೆಯಲ್ಲಿದ್ದ ತಾತನ ಡೆಸ್ಕನ್ನು ತೋರಿಸಿ, "ಮಾವ, ಇದನ್ನು ಮೇಲಿಡಬಹುದಾ?" ಎಂದು ಸಂಕೋಚದಿಂದ ಕೇಳಿದಳು. ಒರೆಸಿ ಮೇಜಿನ ಮೇಲಿಟ್ಟೆವು. ಲ್ಯಾಪ್‌ಟಾಪ್ ಅದರ ಇಳಿಜಾರಿನ ಮೇಲೆ ಒರಗಿ, ಲೆಕ್ಕಣಿಕೆ ಉರುಳದಿರಲೆಂದು ಹಾಕಿದ್ದ ಪಟ್ಟಿಗೆ ತಾಗಿ ಜಾರದೆ ನಿಂತಿತು. ಪರದೆ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬಂತು. ಕೀಲಿಮಣೆ ಕೆಳಗೆ ಹಲಗೆಯ ಮೇಲೆ. ಒಳಗಿನ ಎರಡು ಖಾನೆಗಳಲ್ಲಿ ಅವಳ ಬಿಲ್ಲುಗಳು, ಚಾರ್ಜರು, ತಲೆನೋವಿನ ಮಾತ್ರೆ. ಕತ್ತುನೋವು ಒಂದೇ ದಿನಕ್ಕೆ ಹೋಗಲಿಲ್ಲ, ತಿಂಗಳೊಳಗೆ ಕಡಿಮೆಯಾಯಿತು. ಕೋಣೆಯ ಬಾಗಿಲು ಮುಚ್ಚಿದ್ದರೆ ಯಾರೂ ತಟ್ಟಬಾರದೆಂದು ನನ್ನಾಕೆ ಮನೆಗೆಲ್ಲ ಕಟ್ಟಪ್ಪಣೆ ಮಾಡಿದಳು. ಉಪ್ಪಿನ ಡಬ್ಬಿ ಎಲ್ಲಿದೆಯೆಂದು ನಾನೂ ಕಲಿತೆ.

ಫೋನು ಮಾಡಿದ ಹುಡುಗನಿಗೆ ಇದಿಷ್ಟು ನನ್ನ ಉತ್ತರ. ಎಡಗಡೆಯಿಂದ ಬೆಳಕು, ಬೆನ್ನಿಗೆ ಆಸರೆ, ಕಣ್ಣಿನ ಮಟ್ಟಕ್ಕೆ ಬರಹ, ಕೈಗೆಟಕುವ ಸಾಮಾನು: ಇವಕ್ಕೆ ಹೆಚ್ಚು ಹಣ ಬೇಡ, ಅಟ್ಟ ಹತ್ತಿ ಹುಡುಕಿದರೆ ಅರ್ಧ ಸಿಗುತ್ತದೆ. ಆದರೆ ಮೇಜಿನ ಅಳತೆ ತೆಗೆದುಕೊಳ್ಳುವ ಮೊದಲು ಒಮ್ಮೆ ಮನೆಯನ್ನೆಲ್ಲ ಸುತ್ತಿ, ಯಾರು ನಿಂತುಕೊಂಡು ಕೆಲಸ ಮಾಡುತ್ತಿದ್ದಾರೆ ಎಂದು ನೋಡಪ್ಪ. ಇರುವ ಒಂದು ಬಾಗಿಲನ್ನು ಮೊದಲು ಅವರಿಗೆ ಕೊಡು.

ಮಗ ಸೊಸೆ 2022ರಲ್ಲಿ ಬೆಂಗಳೂರಿಗೆ ಹಿಂದಿರುಗಿದರು. ಸೊಸೆ ಡೆಸ್ಕನ್ನು ಕೇಳಿ ತೆಗೆದುಕೊಂಡು ಹೋದಳು. ಕೋಣೆ ನನಗೆ ಮರಳಿ ಸಿಕ್ಕಿದೆ, ಆದರೂ ಊಟದ ಮೇಜಿನ ಮೇಲೆ ಬರೆಯುವುದು ಅಭ್ಯಾಸವಾಗಿಬಿಟ್ಟಿದೆ. ಇದನ್ನೂ ಅಲ್ಲೇ ಕುಳಿತು ಬರೆದೆ. ತಟ್ಟೆ ಹಾಕುವ ಹೊತ್ತಾಯಿತು, ಏಳಬೇಕು.